ರುಚಿ ನೋಡದ ಕೈ

ಅಮೆರಿಕದ ಮಿಲ್ ಕ್ರೀಕ್‌ನ ಆ ಮನೆ ಕೊಂಡಾಗಿನಿಂದ ಗೌರಾದೇವಿಯ ಅಡುಗೆಮನೆಗೆ ಒಂದು ಮೊಟ್ಟೆ ಕೂಡ ಕಾಲಿಟ್ಟಿರಲಿಲ್ಲ. ಇವತ್ತು ನೋಡಿದರೆ ಸಿಂಕಿನ ಪಕ್ಕದಲ್ಲಿ ಹಂದಿಮಾಂಸದ ಸಾಸೇಜು, ಹೊಗೆ ಹಾಕಿದ ಹಂದಿತೊಡೆಯ ಹ್ಯಾಮಿನ ತುಂಡು, ಸಿಪ್ಪೆ ಸುಲಿದ ಸಿಗಡಿಯ ಚೀಲ ಸಾಲಾಗಿ ಕೂತಿದ್ದವು. ಗೌರಾದೇವಿ ಕೊರಳಿನ ಲಿಂಗವನ್ನು ಕುಪ್ಪಸದೊಳಗೆ ಸರಿಸಿಕೊಂಡು, ಸೆರಗನ್ನು ಮೂಗಿಗೆ ಸುತ್ತಿ ಹಿಂದೆ ಗಂಟು ಹಾಕಿದ್ದಳು. ನೋಡಿದವರು ಆಪರೇಶನ್ನಿಗೆ ನಿಂತಿದ್ದಾಳೆ ಅನ್ನಬೇಕು, ಹಾಗೆ.

ಗಂಡ ಗದಿಗೆಪ್ಪ ವಿಮಾನದ ರೆಕ್ಕೆಗಳನ್ನು ಡಿಸೈನ್ ಮಾಡುತ್ತಾ ನಿವೃತ್ತನಾದ ಮನುಷ್ಯ. ಬೆಳಿಗ್ಗೆಯೇ ತನ್ನ ಪೂಜೆಯ ಪೆಟ್ಟಿಗೆಯನ್ನು ಮಹಡಿಗೆ ಸಾಗಿಸಿ, ಜಾಕೆಟ್ ಹಾಕಿಕೊಂಡು ಹೊರಟಿದ್ದ.

"ನಾ ಬಾಥೆಲ್ ಊರಿನ ಗುಡಿಗೆ ಹೋಗಿ ಅಲ್ಲೇ ಪ್ರಸಾದ ತಿಂತೀನಿ. ನಿನ್ನ ಈ ಸಾಹಸ ಮುಗಿದ ಮ್ಯಾಲೆ ಫೋನ್ ಮಾಡು," ಅಂದಿದ್ದ.

"ಬೀಗತಿ ಬರೂ ಹೊತ್ತಿಗೆ ಮನ್ಯಾಗ ಇರ್ರಿ ಮತ್ತ. ಇಲ್ಲಂದ್ರ ಅದಕ್ಕೂ ಒಂದು ಅರ್ಥ ಹಚ್ಚತಾರ," ಅಂದಿದ್ದಳು ಗೌರಾದೇವಿ.

ಬೀಗತಿ ಅರ್ಥ ಹಚ್ಚುವುದಕ್ಕೆ ಕಾರಣವಿತ್ತು. ಮಗ ಕಲ್ಮೇಶನ ಹೆಂಡತಿ ಕೊಲೆಟ್ ಲೂಸಿಯಾನಾದವಳು. ಆ ಕಡೆಯವರಿಗೆ ಮಾರ್ಡಿ ಗ್ರಾ ಅಂದರೆ ದೊಡ್ಡ ಹಬ್ಬ. ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮೊದಲು ಹೊಟ್ಟೆ ಬಿರಿಯ ತಿಂದು, ಬಣ್ಣದ ಮಣಿಸರ ಹಾಕಿಕೊಂಡು ಕುಣಿಯುವ ಕಾರ್ನಿವಲ್ಲು. ಮದುವೆಯಾದ ಹೊಸತರಲ್ಲಿ ಕೊಲೆಟ್‌ಳ ತಾಯಿ ಲೊರೇನ್ ಊರಿಂದ ಬಂದು, ಮಗಳ ಮನೆಯಲ್ಲಿ ಹಂದಿ, ಸಿಗಡಿ ಹಾಕಿದ ಗಂಬೊ ಎಂಬ ತಮ್ಮ ಸಾರನ್ನು ಮಾಡಿ, ದೊಡ್ಡ ಪಾತ್ರೆ ಹೊತ್ತು ಬೀಗರ ಮನೆಯ ಬಾಗಿಲಿಗೆ ಬಂದಿದ್ದಳು. ಗೌರಾದೇವಿ ನಗುನಗುತ್ತಲೇ, ಅದನ್ನು ಗ್ಯಾರೇಜಿನಲ್ಲಿ ಇಡಿ ಅಂದುಬಿಟ್ಟಳು. ಹುಲ್ಲು ಕತ್ತರಿಸುವ ಮಶೀನಿನ ಪಕ್ಕ ಆ ಪಾತ್ರೆ ಸಂಜೆವರೆಗೆ ಕೂತಿತ್ತು. ಲೊರೇನ್ ತಣ್ಣಗಾದ ಪಾತ್ರೆಯನ್ನು ವಾಪಸು ಹೊತ್ತೊಯ್ದಳು. ಅಂದಿನಿಂದ ಕೊಲೆಟ್ ಈ ಮನೆಯ ಹೊಸ್ತಿಲು ತುಳಿದಿಲ್ಲ. ಮೊಮ್ಮಗಳು ಕೀರ್ತಿಯನ್ನು ಕಲ್ಮೇಶ ಎಂದಾದರೊಂದು ಭಾನುವಾರ ಕರೆತರುತ್ತಿದ್ದ. ಅವಳು ಷೂ ಬಿಚ್ಚುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತಿತ್ತು.

ಮಡಿ ದೊಡ್ಡದೋ ಮೊಮ್ಮಗಳು ದೊಡ್ಡವಳೋ ಅಂತ ಗೌರಾದೇವಿ ಬಹಳ ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ಸಂಕ್ರಾಂತಿ ಕಳೆದ ಮೇಲೆ ಮಗನಿಗೆ ಫೋನ್ ಮಾಡಿ, "ಈ ಸಲದ ಮಾರ್ಡಿ ಗ್ರಾ ನಮ್ಮ ಮನ್ಯಾಗ. ಅವರ ಅಡಗಿ ಅವರ ಪದ್ಧತಿ ಪ್ರಕಾರನ ಮಾಡತೀನಿ. ನಿಮ್ಮ ಅತ್ತೀನೂ ಕರಕೊಂಡು ಬಾ," ಅಂದಳು. ಕಲ್ಮೇಶ ಕೊಲೆಟ್‌ಳನ್ನು ಕೇಳಿ ಹೇಳುತ್ತೇನೆ ಅಂದ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. "ಕೊಲೆಟ್ ಒಪ್ಪಿದಾಳೆ ಅಮ್ಮ. ಇದು ಚೆನ್ನಾಗಿ ಆದ್ರೆ, ಸ್ಕೂಲ್ ಮುಗಿದ ಮೇಲೆ ಕೀರ್ತೀನ ಡೇಕೇರ್‌ಗೆ ಕಳಿಸೋದು ಬಿಟ್ಟು ದಿನಾ ನಿನ್ನ ಹತ್ರಾನೇ ಬಿಡೋಣ ಅಂತಿದಾಳೆ."

ದಿನಾ! ಆ ಒಂದು ಶಬ್ದಕ್ಕೆ ಗೌರಾದೇವಿ ಹಂದಿಯನ್ನೂ ಒಳಗೆ ಬಿಟ್ಟುಕೊಂಡಳು, ಸಿಗಡಿಯನ್ನೂ ಬಿಟ್ಟುಕೊಂಡಳು.

ಅಡುಗೆಯೇನೂ ಅವಳಿಗೆ ಹೆದರಿಕೆಯ ವಿಷಯವಲ್ಲ. ಯೂಟ್ಯೂಬಿನಲ್ಲಿ ನೋಡಿ ನೋಡಿ ಕಲಿತಿದ್ದಳು. ಗಂಬೊದ ಜೀವವೆಲ್ಲ ಅದರ ರೂ ಎಂಬ ಹುರಿದ ಹಿಟ್ಟಿನಲ್ಲಿದೆ. ಎಣ್ಣೆಯಲ್ಲಿ ಮೈದಾ ಹಾಕಿ, ಕೈ ಬಿಡದೆ ತಿರುವುತ್ತಾ, ಚಾಕಲೇಟಿನ ಬಣ್ಣಕ್ಕೆ ತರಬೇಕು. ಬೇಸನ್ ಉಂಡಿಗೆ ಹಿಟ್ಟು ಹುರಿದು ಪಳಗಿದವಳಿಗೆ ಇದ್ಯಾವ ಲೆಕ್ಕ? ಸೆರಗಿನ ಗಂಟು ಸಡಿಲಿಸಿ, ಘಮ ತಿರುಗುವ ಗಳಿಗೆಯನ್ನು ಮೂಗಿನಿಂದಲೇ ಹಿಡಿದಳು. ಉಳ್ಳಾಗಡ್ಡಿ, ಸೆಲರಿ, ದೊಣ್ಣೆಮೆಣಸಿನಕಾಯಿ ಬಿದ್ದವು. ಬೆಂಡೆಕಾಯಿ ಬಿದ್ದಾಗ ಮಾತ್ರ ಪರದೇಶದಲ್ಲಿ ನಮ್ಮೂರಿನವರು ಸಿಕ್ಕ ಹಾಗಾಯಿತು. ಆಮೇಲೆ ಉಸಿರು ಬಿಗಿಹಿಡಿದು ಸಾಸೇಜನ್ನೂ ಹ್ಯಾಮನ್ನೂ ಸುರಿದಳು. ಡಬ್ಬಿಯ ಚಿಕನ್ ಸ್ಟಾಕ್ ಎಂಬ ಕೋಳಿಯ ಕಟ್ಟು ಹೊಯ್ದಳು. ಸಿಗಡಿಯ ಚೀಲವನ್ನೂ ಬಗ್ಗಿಸಿದಳು. ಕೇಜನ್ ಎಂಬ ಲೂಸಿಯಾನಾ ಮಸಾಲೆಯ ಹಸಿರು ಡಬ್ಬಿಯನ್ನು ಧಾರಾಳವಾಗಿ ಕೊಡವಿದಳು. ಪಕ್ಕದ ಒಲೆಯಲ್ಲಿ ಬೇಯುತ್ತಿದ್ದ ರಾಜ್ಮಾ ಕಾಳಿನ ಪಾತ್ರೆಗೂ ಹಾಗೇ ಮಾಡಿದಳು. ಕೊನೆಗೆ, ಎಂದಿನಂತೆ, ಪಾತ್ರೆಯ ಗಾತ್ರವನ್ನು ಕಣ್ಣಲ್ಲಿ ಅಳೆದು, ಅಂಗೈಯಲ್ಲಿ ಉಪ್ಪು ಹಾಕಿದಳು.

ರುಚಿ ನೋಡಲಿಲ್ಲ. ಅವಳು ಯಾವತ್ತೂ ನೋಡಿದವಳಲ್ಲ. ಗದಗಿನ ತವರಿನಲ್ಲಿ, ಲಿಂಗಕ್ಕೆ ತೋರಿಸುವ ಮೊದಲು ನಾಲಿಗೆಗೆ ತಾಗಿಸಿದರೆ ಅಡುಗೆ ಎಂಜಲಾಯಿತು ಅಂತ ತಾಯಿ ಕಲಿಸಿದ್ದಳು. ಕನ್ನಡ ಕೂಟದ ಯುಗಾದಿ ಊಟಕ್ಕೆ ನೂರಾರು ಜನಕ್ಕೆ ಸಾರು ಮಾಡಿದಾಗಲೂ ಅವಳ ಕೈಯ ಉಪ್ಪು ಒಂದು ಕಾಳೂ ಹೆಚ್ಚುಕಡಿಮೆ ಆಗಿದ್ದಿಲ್ಲ. ಅದು ಅವಳ ಹೆಮ್ಮೆ. ಹೆಮ್ಮೆ ಪಡಲಿಕ್ಕೆ ಅಮೆರಿಕದಲ್ಲಿ ಅವಳಿಗೆ ಬೇರೆ ಹೆಚ್ಚೇನೂ ಸಿಕ್ಕಿರಲಿಲ್ಲ ಬಿಡಿ.

ಇನ್ನೊಂದು ಮಾತು. ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಹಿಂಬದಿಯನ್ನು ಕನ್ನಡಕ ಏರಿಸಿ ಓದುವ ಹೆಂಗಸು ಅವಳು. ಜಿಲೆಟಿನ್ ಇದೆಯೋ, ಹಂದಿಯ ಕೊಬ್ಬು ಇದೆಯೋ, ಮೊಟ್ಟೆ ಇದೆಯೋ ಅಂತ ಇಷ್ಟು ವರ್ಷ ಬಿಸ್ಕೀಟನ್ನೂ ಬಿಡದೆ ಓದಿದವಳು. ಇವತ್ತು ಎಲ್ಲವೂ ನಿಷಿದ್ಧವೇ ಆದಮೇಲೆ ಓದುವುದೇನಿದೆ? ಒಂದನ್ನೂ ಓದಲಿಲ್ಲ. ಸಾಸೇಜಿನಲ್ಲಿ ಉಪ್ಪು, ಹ್ಯಾಮಿನಲ್ಲಿ ಉಪ್ಪು, ಸ್ಟಾಕಿನಲ್ಲಿ ಉಪ್ಪು. ಮಸಾಲೆಯ ಡಬ್ಬಿಯ ಮೇಲಂತೂ ಮೊದಲ ಹೆಸರೇ ಉಪ್ಪಿನದು. ಹುಟ್ಟಾ ಸಸ್ಯಾಹಾರಿಗೆ ಮಾಂಸವೂ ಉಪ್ಪುಂಡೇ ಬರುತ್ತದೆ ಅಂತ ಹೇಳುವವರಾದರೂ ಯಾರು?

ಮಧ್ಯಾಹ್ನ ಜಿನುಗು ಮಳೆಯಲ್ಲಿ ಕಾರು ಬಂತು. ಕೀರ್ತಿ ನೇರಳೆ, ಹಸಿರು, ಬಂಗಾರದ ಮಣಿಸರಗಳನ್ನು ಹೇರಿಕೊಂಡು ಓಡಿಬಂದು ಅಜ್ಜಿಯ ಕೊರಳಿಗೂ ಒಂದು ಹಾಕಿದಳು. ಕೊಲೆಟ್ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಬಂದಳು. ಹಿಂದೆ ಲೊರೇನ್, ಕೈಯಲ್ಲಿ ಕಿಂಗ್ ಕೇಕಿನ ಪೆಟ್ಟಿಗೆ. ಆ ಕೇಕಿನೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಮಗು ಅಡಗಿರುತ್ತದೆ. ಅದು ಯಾರ ಪಾಲಿನ ತುಂಡಿಗೆ ಬರುತ್ತದೋ ಮುಂದಿನ ವರ್ಷದ ಹಬ್ಬ ಅವರ ಮನೆಯಲ್ಲಿ. ಮೊಟ್ಟೆಯ ಕೇಕಾದರೂ ಸರಿ, ಒಂದು ತುಂಡು ತನಗೂ ಕೊಡಿ ಅನ್ನಬೇಕೆಂದು ಗೌರಾದೇವಿ ಆಗಲೇ ಮನಸ್ಸು ಮಾಡಿಬಿಟ್ಟಿದ್ದಳು.

ಲೊರೇನ್ ಮೂಗರಳಿಸಿ, ನಮ್ಮಮ್ಮನ ಮನೆಯ ವಾಸನೆ ಇದು ಅಂದಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಗೌರಾದೇವಿಗೆ ಆಕಾಶ ಮೂರೇ ಗೇಣು.

ಎಲ್ಲರೂ ಮೇಜಿಗೆ ಕೂತರು. ಬಾಥೆಲ್‌ನಿಂದ ಮರಳಿದ್ದ ಗದಿಗೆಪ್ಪ ತುದಿಯ ಕುರ್ಚಿಯಲ್ಲಿ ಬರೀ ನೀರು ಇಟ್ಟುಕೊಂಡು ಕೂತ. ಲೊರೇನ್ ಮೊದಲ ಚಮಚ ಬಾಯಿಗಿಟ್ಟಳು. ಅವಳ ಮುಖ ಹಾಗೇ ನಿಂತುಹೋಯಿತು. ಕೊಲೆಟ್ ನ್ಯಾಪ್‌ಕಿನ್ ತುಟಿಗೊತ್ತಿ ಗಂಡನ ಕಡೆ ನೋಡಿದಳು. ಕಲ್ಮೇಶ ನುಂಗಿ ನೀರು ಕುಡಿದ.

"ಅಜ್ಜಿ, ಇಟ್ಸ್ ಸೋ ಸಾಲ್ಟಿ!" ಅಂದಳು ಕೀರ್ತಿ.

ಗೌರಾದೇವಿ ಎದ್ದು ನಿಂತಳು. ಬಟಾಟಿ ಹಾಕಿ ಸರಿಮಾಡುತ್ತೇನೆ, ಐದೇ ನಿಮಿಷ, ಎಂದು ಇಂಗ್ಲಿಷಿನಲ್ಲಿ ತಡವರಿಸಿದಳು.

ಲೊರೇನ್ ಚಮಚ ಕೆಳಗಿಟ್ಟು ಮೆಲ್ಲಗೆ ಕೇಳಿದಳು. "ರುಚಿ ನೋಡಿದಾಗ ನಿಮಗೆ ಗೊತ್ತಾಗಲಿಲ್ಲವೇ?"

"ನಾನು ರುಚಿ ನೋಡುವುದಿಲ್ಲ. ನಮ್ಮಲ್ಲಿ ದೇವರಿಗೆ ಅರ್ಪಿಸುವ ಮುಂಚೆ ಅಡುಗೆಯ ರುಚಿ ನೋಡಬಾರದು."

ಲೊರೇನ್ ತಲೆ ಆಡಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಸರಿ. ಹಾಗಾದರೆ ಇದನ್ನು ದೇವರಿಗೆ ಅರ್ಪಿಸಿದಿರಾ?"

ಗೌರಾದೇವಿಯ ಕೈ ಕುಪ್ಪಸದೊಳಗಿನ ಲಿಂಗದ ಮೇಲೆ ಹೋಯಿತು. ಲಿಂಗಕ್ಕೆ ಹಂದಿಯ ಸಾರು ತೋರಿಸುವುದುಂಟೇ? ಅರ್ಪಿಸದಿದ್ದ ಮೇಲೆ ಎಂಜಲಿನ ಮಾತೆಲ್ಲಿಯದು? ತಾಯಿ ಕಲಿಸಿದ ಮಾತನ್ನು ಗುರಾಣಿ ಮಾಡಿಕೊಂಡದ್ದು ಬೀಗತಿಗೆ ಕಂಡುಹೋಗಿತ್ತು. ಗೌರಾದೇವಿಗೂ ಈಗಲೇ ಕಂಡಿತು. ಗಂಡನ ಕಡೆ ನೋಡಿದಳು. ಅವನು ಲೋಟದೊಳಗೆ ನೋಡುತ್ತಿದ್ದ.

"ನಿಮ್ಮ ನಾಲಿಗೆಗೂ ಬೇಡ, ನಿಮ್ಮ ದೇವರಿಗೂ ಬೇಡ. ನಮಗೆ ಮಾತ್ರ ಬಡಿಸಿದಿರಿ," ಅಂದಳು ಲೊರೇನ್. "ಗ್ಯಾರೇಜೇ ವಾಸಿಯಿತ್ತು. ಅಲ್ಲಿ ಸುಳ್ಳಿರಲಿಲ್ಲ."

ಎದ್ದು, ಬಿಚ್ಚದ ಕೇಕಿನ ಪೆಟ್ಟಿಗೆ ಎತ್ತಿಕೊಂಡಳು. ಬೇಬಿ ಯಾರಿಗೆ ಬರುತ್ತದೆ ನೋಡಬೇಕು ಅಂತ ಕೀರ್ತಿ ರಚ್ಚೆ ಹಿಡಿದಳು. ಕೊಲೆಟ್ ಅವಳನ್ನು ಎತ್ತಿಕೊಂಡು ತಾಯಿಯ ಹಿಂದೆ ನಡೆದಳು. ಹೊರಡುವಾಗ ಅತ್ತೆಗೆ ಥ್ಯಾಂಕ್ಯೂ ಅಂದಳು. ಆ ಥ್ಯಾಂಕ್ಯೂ ಕೇಳುವುದಕ್ಕಿಂತ ಬೈಸಿಕೊಳ್ಳುವುದು ಸುಖ.

ಗೌರಾದೇವಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಕಲ್ಮೇಶ ಕಾರಿನ ಕೀ ಹಿಡಿದು ಹಿಂದೆಯೇ ಬಂದ.

"ಅಮ್ಮಾ, ಒಂದು ಮಾತು ಖರೆ ಹೇಳು. ಬೇಕಂತ ಹಾಕಿದ್ಯೇನು?"

ಅವಳು ತಿರುಗಿ ನೋಡಿದಳು. ಇದೇ ಕೈಯ ಅಡುಗೆ ತಿಂದು ಬೆಳೆದ ಮಗ. ಅಮ್ಮ ರುಚಿ ನೋಡದೆಯೇ ಎಷ್ಟು ಚಂದ ಮಾಡುತ್ತಾಳೆ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿದವನು ಇವನೇ. ಉತ್ತರ ಕೊಡಲು ಅವಳಿಗೆ ಹೇಸಿಗೆಯಾಯಿತು.

ಸೌಟು ತೆಗೆದುಕೊಂಡಳು. ಗಂಬೊದೊಳಗೆ ಅದ್ದಿ, ಒಂದು ಸಿಗಡಿ ಸಮೇತ ಎತ್ತಿ, ಮಗ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡಳು. ಅಗಿದಳು. ಬಾಯಿ ಮುಚ್ಚಿಕೊಂಡು ನುಂಗಿದಳು. ಕಣ್ಣಲ್ಲಿ ನೀರು ತುಂಬಿತು.

"ಈಗ ಗೊತ್ತಾತು," ಅಂದಳು. "ಉಪ್ಪು ಭಾಳ ಆಗೇತಿ."

ಹೊರಗೆ ಕಾರಿನ ಹಾರ್ನ್ ಆಯಿತು.

"ಈಗ್ಯಾಕಮ್ಮ?" ಅಂದ ಅವನು. "ಇದನ್ನ ಮುಂಜಾನೆ ಒಂದು ಹನಿ ನೋಡಿದ್ರೆ ಸಾಕಾಗಿತ್ತಲ್ಲ!"

ಮತ್ತೊಮ್ಮೆ ಹಾರ್ನ್ ಆಯಿತು. ಅವನು ಹೋದ. ಬಾಗಿಲು ಹಾಕಿದ ಸದ್ದು, ಕಾರು ರಿವರ್ಸ್ ತೆಗೆದ ಸದ್ದು ಕೇಳಿದವು. ಗೌರಾದೇವಿ ಸೌಟನ್ನು ಸಿಂಕಿಗೆ ಹಾಕಿ, ಕೊರಳಿನ ಮಣಿಸರ ತೆಗೆದಿಟ್ಟು, ಒಂದು ಲೋಟ ನೀರು ಕುಡಿದಳು. ಉಪ್ಪು ಹೋಗಲಿಲ್ಲ. ಇನ್ನೊಂದು ಲೋಟ ತುಂಬಿಕೊಂಡಳು.