ಗೋಡೆ ಪಕ್ಕದ ಸಾಲು

ನಮ್ಮ ವಸತಿಗೃಹದ ಪಡಸಾಲೆಯಲ್ಲಿ ಕೂತರೆ ಕಣ್ಣು ಹಾಯುವಷ್ಟೂ ದ್ರಾಕ್ಷಿ ತೋಟ. ವೈನ್ ಕಾರ್ಖಾನೆ ನೋಡಲು ನಮ್ಮ ಊರಿಗೆ ಬಂದವರು ನಮ್ಮಲ್ಲಿ ಇಳಿದುಕೊಂಡು, ಆ ಹಸಿರು ನೋಡುತ್ತ ಊಟ ಮಾಡುತ್ತಿದ್ದರು. ದೊಡ್ಡ ಊರುಗಳ ಹೋಟೆಲುಗಳಲ್ಲಿ ಬಾಣಸಿಗನಾಗಿದ್ದ ನನ್ನ ತಮ್ಮ ಗುರುಪಾದ ಮರಳಿ ಬಂದು ಇದನ್ನು ಕಟ್ಟಿಸಿದ್ದ. ಅಡುಗೆಮನೆ ಅವನದು, ಕೋಣೆಗಳ ಉಸ್ತುವಾರಿ ನನ್ನದು. ತೋಟ ಮಾತ್ರ ನಮ್ಮದಲ್ಲ. ಪಕ್ಕದ ಮನೆಯ ಶಾವಂತ್ರವ್ವನದು.

ಒಂದು ಮುಂಜಾನೆ ಕೊಡಲಿಯ ಸದ್ದು ಕೇಳಿ ಗುರುಪಾದ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದ. ನಾನೂ ಹಿಂದೆ ಹೋದೆ. ಆಳುಗಳು ತೋಟದ ಆಚೆ ತುದಿಯಿಂದ ಬಳ್ಳಿ ಕಡಿಯುತ್ತ ಬರುತ್ತಿದ್ದರು. ಶಾವಂತ್ರವ್ವ ಈಚೆ ನಿಂತು ನೋಡುತ್ತಿದ್ದಳು.

"ಇದೇನ್ರಿ ಕಾಕಿ?" ಗುರುಪಾದ ಕೇಳಿದ.

"ಬಳ್ಳಿ ತಗಸಾಕತ್ತೀನಿ. ರೋಗ ಬಿಡವಲ್ದು. ಅಳಿಯ ಕಡ್ಲಿ ಬಿತ್ತತೀನಿ ಅಂತಾನ, ಬಿತ್ತಲಿ."

"ನಮ್ಮಲ್ಲಿಗೆ ಮಂದಿ ಬರೂದ ಈ ತೋಟ ನೋಡಾಕ್ರಿ!"

ಶಾವಂತ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೌದೇನು? ನಿನ್ನ ಅಡಗಿ ಉಣ್ಣಾಕ ಬರತಾರ ಅಂತ ನಾ ತಿಳಿದಿದ್ದೆ."

ಅಡುಗೆಯ ವಿಷಯದಲ್ಲಿ ಗುರುಪಾದನಿಗಿದ್ದ ಜಂಬ ನನಗೆ ಗೊತ್ತಿತ್ತು. ಮಾತು ತಾಗಬೇಕಾದಲ್ಲೇ ತಾಗಿತ್ತು. ಅವನು ಕೈಯ ಹಿಟ್ಟು ಕೊಡವಿಕೊಂಡು, "ಸಂಜಿಗೆ ಊಟಕ್ಕ ಬರ್ರಿ" ಎಂದ.

"ಇಷ್ಟ ವರ್ಷಕ್ಕ ಈಗ ನೆನಪಾತಲ್ಲ!" ಎಂದು ಅವಳು ನಕ್ಕಳು. ಆದರೂ ಆಳುಗಳಿಗೆ, "ಉಳಿದದ್ದು ನಾಳೆ" ಎಂದಳು.

ಸಂಜೆ ಅವಳು ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು ಬಂದಳು. ಗುರುಪಾದ ತನಗೆ ಹೆಸರು ತಂದ ಅಡುಗೆಯನ್ನೇ ಮಾಡಿದ್ದ: ಮಸಾಲೆ ಅನ್ನವನ್ನು ದ್ರಾಕ್ಷಿಯ ಎಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಸುರುಳಿ. ಅವಳು ಒಂದನ್ನು ತಿಂದು, ಇನ್ನೊಂದನ್ನು ಬಿಡಿಸಿ ನೋಡಿದಳು.

"ಇದಕ್ಕೇನು ನೀ ನನ್ನ ಎಲಿ ಹರಕೊಂಡ ಹೋಗತಿದ್ದಿ!"

ನಾನು ತಮ್ಮನ ಮುಖ ನೋಡಿದೆ. ಅವಳನ್ನು ಕೇಳಿಯೇ ತರುತ್ತಾನೆಂದು ನಂಬಿದ್ದೆ. ಅವನು ತಲೆ ತಗ್ಗಿಸಿದ್ದ. "ಕೇಳಬೇಕಿತ್ತರಿ ಕಾಕಿ."

"ಕೇಳಬೇಕಿತ್ತು. ನೀ ಹರಿಯೂದ ನಾ ನೋಡೇನಿ. ತಿನ್ನಾಕ ಇರಬೇಕು ಅಂತ ನಿಮ್ಮ ಗ್ವಾಡಿ ಬಾಜೂದ ಸಾಲಿಗೆ ಔಷಧಿ ಹೊಡಸೂದ ಬಿಟ್ಟೆ. ಮಂದಿ ಹೊಟ್ಟಿಗೆ ಹೋಗೂದು."

ಗುರುಪಾದ ತಲೆ ಎತ್ತಿದ. "ರೋಗ ಆ ಸಾಲಿಂದನ ಬಂತೇನ್ರಿ?"

"ಮೊದಲ ಅಲ್ಲೇ ಕಂಡದ್ದು. ಬ್ಯಾರೆ ಕಡೆಯಿಂದಾನೂ ಬಂದಿರಬಹುದು ಬಿಡು. ಇನ್ನೆರಡು ಹಾಕು."

ಅವನು ಬಡಿಸಿ ಒಳಗೆ ಹೋದ. ನಾನು ಹೋಗಿ ನೋಡಿದರೆ ಒಲೆಯ ಮುಂದೆ ನಿಂತಿದ್ದ. "ಅಕ್ಕಾ, ಆಕಿ ತೋಟ ಹಾಳಾದದ್ದು ನನ್ನಿಂದ" ಎಂದ. ಅವನು ಹೊರಗೆ ಬಂದು ಅವಳೆದುರು ಕೂತ.

"ಆ ಒಂದು ಸಾಲು ಬಿಡ್ರಿ ಕಾಕಿ. ನಾನ ನೋಡಕೋತೀನಿ."

"ಬಳ್ಳಿ ಕತ್ತರಸಾಕ ಬರತೈತೇನು ನಿನಗ?"

"ಕಲಸ್ರಿ."

ಆ ಸಾಲೊಂದನ್ನು ಬಿಟ್ಟು ಉಳಿದ ತೋಟ ಮರುದಿನವೇ ಹೋಯಿತು. ಆ ವರ್ಷ ಕೋಣೆಗಳು ಆಗಾಗ ಖಾಲಿ ಉಳಿದವು. ಕೆಲವರು ಬಯಲು ನೋಡಿ ಗೊಣಗಿ ಹೋದರು. ಊಟಕ್ಕೆಂದೇ ಬರುವವರು ಎಷ್ಟು ಮಂದಿ ಎಂಬುದು ಗುರುಪಾದನಿಗೆ ಆಗ ತಿಳಿಯಿತು. ತೀರ ಕಡಿಮೆಯೇನಲ್ಲ; ಅವನು ಅಂದುಕೊಂಡಷ್ಟೂ ಅಲ್ಲ.

ಮಳೆಗಾಲ ಮುಗಿದು ಬಳ್ಳಿ ಸವರುವ ದಿನ ಬಂತು. ಶಾವಂತ್ರವ್ವ ಬದುವಿನ ಮೇಲೆ ನಿಂತು ಕೂಗುತ್ತಿದ್ದಳು: "ಅಲ್ಲಲ್ಲ, ಚಿಗುರೂ ಕಣ್ಣು ಬಿಟ್ಟು ಕತ್ತರಸು!" ಗುರುಪಾದ ಕತ್ತರಿಸಿದ. ಕಡ್ಡಿಯ ತುದಿಯಲ್ಲಿ ನೀರು ಒಸರಿ ಹನಿಗಟ್ಟಿತು. ಅವನು ಗಾಬರಿಯಿಂದ ಬೆರಳು ಒತ್ತಿ ಹಿಡಿದ.

"ಕೈ ತಗಿ. ತಾನ ನಿಲ್ಲತೈತಿ" ಎಂದಳು.

ಅವನು ಕೈ ತೆಗೆದ. ಹನಿ ಮಣ್ಣಿಗೆ ಬಿತ್ತು, ಕಡ್ಡಿಯ ತುದಿಯಲ್ಲಿ ಇನ್ನೊಂದು ನಿಧಾನಕ್ಕೆ ತುಂಬತೊಡಗಿತು.