ನೆಳ್ಳಗೂಡ

"ಅಜ್ಜಾ, ಹೊತ್ತು ನೆತ್ತಿಗೆ ಬಂದ ಮ್ಯಾಲ ಈ ಕುರಿ ಎಲ್ಲಿ ನಿಲ್ತಾವ್ರಿ?"

ಅಮೋಗಸಿದ್ಧ ಬಡಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ. ಹೆಸರು ಪ್ರಣಿತಾ ಅಂತೆ. ಸೊಲ್ಲಾಪುರದಿಂದ ಬಂದು, ಕರಜಗಿಯಲ್ಲಿ ಎಸ್‌ಟಿ ಬಸ್ಸು ಇಳಿದು, ಹೊಲದ ಬದು ಹಿಡಿದು ಇಲ್ಲಿವರೆಗೆ ನಡೆದಿದ್ದಾಳೆ. ಒಂದು ಶಬ್ದದ ಅರ್ಥ ಕೇಳಲಿಕ್ಕೆ! ಕುರಿಗೆ ಸೂಜಿ ಚುಚ್ಚುವವರು ಬಂದಿದ್ದರು, ಮತ ಕೇಳುವವರು ಬಂದಿದ್ದರು. ಶಬ್ದ ಹುಡುಕಿಕೊಂಡು ಅವನ ಹತ್ತಿರ ಯಾರೂ ಬಂದಿರಲಿಲ್ಲ.

"ಎಲ್ಲಿ ಬೇಕಲ್ಲಿ ನಿಲ್ತಾವ. ನಿನಗ್ಯಾಕ ಬೇಕವ್ವಾ ಅದು?"

"ನೆಳ್ಳಗೂಡ ಅಂದ್ರ ಏನ್ರಿ? ಅದು ಕುರಿಯವರ ಮಾತು, ಅಮೋಗಸಿದ್ಧಜ್ಜಗ ಕೇಳು ಅಂದ್ರು ಊರಾಗ."

ಮುದುಕ ತಟ್ಟನೆ ಕುರಿಗಳತ್ತ ತಿರುಗಿದ. ಬಯಲಲ್ಲಿ ಗಿಡವಿಲ್ಲದ ಕಡೆ ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತುಬಿಡುತ್ತವೆ. ಅದರ ನೆರಳು ಇದಕ್ಕೆ, ಇದರ ನೆರಳು ಮತ್ತೊಂದಕ್ಕೆ. ಅದೇ ನೆಳ್ಳಗೂಡ, ನೆರಳಿನ ಗೂಡು. ಆ ಹೊತ್ತಿನಲ್ಲಿ ಯಾರು ಬಂದು ಎಳೆದೊಯ್ದರೂ ಉಳಿದವು ತಲೆ ಎತ್ತುವುದಿಲ್ಲ. ಹದಿನೈದು ದಿನದ ಹಿಂದೆ ಇನ್ನೊಬ್ಬ ಕುರಿಗಾರ ಬೀರಣ್ಣ ನೀರು ಕುಡಿದು ಬರುವಷ್ಟರಲ್ಲಿ ಅವನ ಏಳು ಕುರಿ ಟೆಂಪೋ ಹತ್ತಿ ಹೋಗಿದ್ದವು. ಹಿಂದಿನ ದಿನವಷ್ಟೇ ಯಾವಳೋ ಒಬ್ಬಳು ಬಂದು ಅವನ ಹತ್ತಿರ ದಾರಿ ಕೇಳಿದ್ದಳಂತೆ.

"ನೆಳ್ಳಗೂಡಂದ್ರ ಬೇವಿನ ಗಿಡದ ಬುಡಕ ಕೂಡೂದು, ಅಷ್ಟ. ಬರಕೋ, ನಡಿ ಇನ್ನ" ಎಂದ.

ಅವಳು ಮರಾಠಿ ಅಕ್ಷರದಲ್ಲಿ ಬರೆದುಕೊಂಡಳು. ಆದರೆ ಹೋಗಲಿಲ್ಲ. ಕುರಿಗಳಾಗಲೇ ಹೆಜ್ಜೆ ಸಣ್ಣ ಮಾಡಿ ನಿಲ್ಲಲು ನೋಡುತ್ತಿದ್ದವು. ಇವಳ ಕಣ್ಣೆದುರು ನಿಲ್ಲಬಾರದೆಂದು ಅಮೋಗಸಿದ್ಧ "ಹುರ್ರ್, ಹುರ್ರ್" ಎನ್ನುತ್ತ ಹೊಡೆದುಕೊಂಡೇ ನಡೆದ. ಬಾಯಿ ತೆರೆದು ಏದುತ್ತ ಅವು ಮುಂದೆ ಸಾಗಿದವು. ಹುಡುಗಿ ಹಿಂದೆಯೇ ಬಂದಳು.

"ಆ ಮಾತ ಯಾರು ಹೇಳ್ಯಾರ ನಿನಗ?"

"ನಮ್ಮಜ್ಜಿರಿ, ಹಣಮವ್ವ. ತೌರಮನಿ ಭಂಡಾರಕವಠೆ. ವರ್ಷ ಆತು, ಆಕಿಗೆ ಯಾರ ಗುರ್ತೂ ಹತ್ತಂಗಿಲ್ಲ. ಮಧ್ಯಾಹ್ನ ಆತಂದ್ರ ಕುಂತವರ ಬಗಲಾಗ ತಲಿ ತುರಕತಾಳ. ನೆಳ್ಳಗೂಡ, ನೆಳ್ಳಗೂಡ ಅಂತಾಳ. ನಮ್ಮವ್ವಗ ಸಿಟ್ಟ ಬರತೈತಿ, ದೂಡಿಬಿಡತಾಳ. ಮೊನ್ನಿ ಅಜ್ಜಿ ಬಿದ್ದು ಹಣಿ ಒಡಕೊಂಡಳರಿ." ಹುಡುಗಿ ಮೂಗೊರೆಸಿಕೊಂಡಳು. "ಆತು ಬಿಡ್ರಿ, ಅರ್ಥ ಸಿಕ್ತಲ್ಲ. ನಮ್ಮ ಬಿಲ್ಡಿಂಗ್ ಮುಂದ ಬೇವಿನ ಗಿಡ ಐತಿ. ನಾಳಿಂದ ಅದರ ಬುಡಕ ಖುರ್ಚಿ ಹಾಕಿ ಒಬ್ಬಾಕಿನ್ನ ಕೂಡಸ್ತೀನಿ."

ಒಬ್ಬಾಕಿನ್ನ. ಅಮೋಗಸಿದ್ಧ ತಿರುಗಿ ನೋಡಿದ. ಕಳ್ಳರ ಕಡೆಯವರು ಅಳಲಿಕ್ಕೂ ಕಲಿತಿರುತ್ತಾರೆ.

"ತಲಿ ತುರಕೂ ಮುಂದ ಆಕಿ ಬೆನ್ನ ಯಾ ಕಡಿ ಇರತೈತಿ?"

ಹುಡುಗಿ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡಳು. "ಖಿಡಕಿ ಕಡಿರಿ. ಬಿಸಲ ಬರೂ ಕಡಿ. ಈ ಕಡಿ ತಿರಗಿಸಿದ್ರ ಮತ್ತ ಹಂಗ ತಿರಗತಾಳ."

ಅವನು ಸೂರ್ಯನನ್ನು ನೋಡಿದ. ಆಮೇಲೆ ರಸ್ತೆಯನ್ನು ನೋಡಿದ. ಟೆಂಪೋ ಇರಲಿಲ್ಲ. ಇನ್ನೊಮ್ಮೆ ನೋಡಿದ.

"ಬರದದ್ದು ಹೊಡದ ಹಾಕು" ಎಂದ.

"ಯಾಕ್ರಿ? ಮತ್ತ ಖರೇ ಅರ್ಥ ಏನು?"

"ಬಾಯಿ ಮುಚ್ಚಿ ನಿಂದ್ರು ಅಲ್ಲೇ."

ಬಡಿಗೆ ಕೆಳಗಿಳಿಸಿದ. ಅಷ್ಟಕ್ಕೇ ಕಾದಿದ್ದಂತೆ ಕುರಿಗಳು ನಿಂತವು, ಬಿಸಿಲಿಗೆ ಬೆನ್ನು ಕೊಟ್ಟು ಒಂದೊಂದಾಗಿ ತಲೆ ತಗ್ಗಿಸಿ ಪಕ್ಕದ್ದರ ಅಡಿಗೆ ತೂರಿದವು. ಬೆನ್ನುಗಳಷ್ಟೇ ಉಳಿದವು. ಹುಡುಗಿ ಮೊಬೈಲ್ ತೆಗೆದವಳು ಹಾಗೆಯೇ ಚೀಲಕ್ಕೆ ಹಾಕಿದಳು.

ಹಿಂದುಳಿದ ಮುದಿ ಕುರಿಯೊಂದು ಗುಂಪನ್ನು ಸುತ್ತಿ ಬಂತು. ಎಲ್ಲೂ ಜಾಗ ಸಿಗದೆ ಕುಂಟುತ್ತ ಬಂದು ಹುಡುಗಿಯ ಕಾಲಬುಡದ ನೆರಳಿಗೆ ಮೂತಿ ಇಟ್ಟಿತು.

"ಅಜ್ಜಾ," ಅವಳು ಉಸಿರು ಹಿಡಿದು ಕೇಳಿದಳು, "ಎಷ್ಟೊತ್ತು ನಿಂದರಬೇಕ್ರಿ?"

"ಹೊತ್ತು ಇಳಿಯೂತನಕ."

ಅಮೋಗಸಿದ್ಧ ರಸ್ತೆಯತ್ತ ಮುಖ ಮಾಡಿ ನಿಂತ. ಹುಡುಗಿ ಕಾಲು ಕದಲಿಸದೆ ಓಢಣಿಯ ಎರಡೂ ಅಂಚು ಹಿಡಿದು ಕೈ ಅಗಲಿಸಿದಳು. ನೆಲದ ಮೇಲಿನ ನೆರಳು ಇನ್ನಷ್ಟು ಅಗಲವಾಯಿತು.