ಒಲ್ಲೆ ಅನ್ನೂ ಹಕ್ಕು

ನಮ್ಮ ಮನ್ಯಾಗ ಒಂದು ಕಾಯ್ದೆ ಐತಿ. ಯಾರರ ಒಲ್ಲೆ ಅಂದ್ರ ಅಲ್ಲಿಗೆ ಮುಗೀತು, ಯಾಕ ಅಂತ ಮತ್ತ ಕೇಳಂಗಿಲ್ಲ. ಕಾಯ್ದೆ ಮಾಡಿದವರು ನನ್ನ ಗಂಡ, ಗೋವಿಂದಪ್ಪ ಮಾಸ್ತರು. ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದ್ರು, ಮನ್ಯಾಗ ಪಾಠ ಮಾಡೂದು ಮಾತ್ರ ಬಿಡಲಿಲ್ಲ. ಮಕ್ಕಳು ಸಣ್ಣವಿದ್ದಾಗ ಉಪ್ಪಿಟ್ಟು ತಿನ್ರೋ ಅಂತ ನಾ ಗದರಿದ್ರ, "ಸಾವಂತ್ರೆವ್ವಾ, ಹೊಟ್ಟಿ ಅವರದು. ಕೇಳು, ಹುಕುಂ ಮಾಡಬ್ಯಾಡ" ಅಂತಿದ್ರು. ನನಗ ಮೈಯೆಲ್ಲಾ ಉರೀತಿತ್ತು. ಹೊಟ್ಟಿ ಅವರದಂತ, ಉಪ್ಪಿಟ್ಟು ತಿರುವಿದ ಕೈ ಯಾರದು?

ಅವರಿಗೆ ಈ ಹುಚ್ಚು ಪುಸ್ತಕದಿಂದ ಹತ್ತಿದ್ದಲ್ಲ. ನಮ್ಮ ಮಾವ ಮುಗದ ಅನ್ನೂ ಊರಾಗ ಒಬ್ಬ ಸಾಹುಕಾರ್ನ ಮನ್ಯಾಗ ಜೀತಕ್ಕಿದ್ದಾಂವ. ಏಳು ಅಂದ್ರ ಏಳಬೇಕು, ಕುಂದರು ಅಂದ್ರ ಕುಂದರಬೇಕು. ಅದನ್ನ ನೋಡಕೋತ ಬೆಳದ ಮನಷ್ಯಾ ಇವರು. ಮುಂದ ಸಾಲಿ ಕಲತು, ಬುದ್ಧನ ಫೋಟೋಕ್ಕ ಕೈ ಮುಗದು, ಹುಬ್ಬಳ್ಳಿ ಕಮರಿಪೇಟ್ಯಾಗ ಮನಿ ಮಾಡಿದ್ರು. ಆದ್ರ ಒಳಗಿನ ಗಾಯ ಮಾಯಲಿಲ್ಲ. "ಒಬ್ಬರ ದೇಹದ ಮ್ಯಾಲೆ ಇನ್ನೊಬ್ಬರಿಗೆ ಹಕ್ಕಿಲ್ಲ. ಸರಕಾರಕ್ಕಿಲ್ಲ, ಸಾಹುಕಾರ್ಗಿಲ್ಲ, ಹಡದವರಿಗೂ ಇಲ್ಲ. ಭೂಮಿ ಮಾತ್ರ ಎಲ್ಲಾರದು" ಅಂತಿದ್ರು. ಮಗಳು ಮಾಯಾ ಅಪ್ಪನ ಪಟ್ಟಶಿಷ್ಯೆ. ಕಾಲೇಜಿನ್ಯಾಗ ರಾಜ್ಯಶಾಸ್ತ್ರ ಕಲಿಸಾಕಿ, ಅಪ್ಪ ಅರ್ಧ ಹೇಳಿದ್ದನ್ನ ಪೂರಾ ಮಾಡಾಕಿ.

ಮಗ ಅಂಬರೀಷಂದು ಬ್ಯಾರೇ ಪಂಥ. ಆಂವ ಅದನ್ನ ಮೊಬೈಲಿನ್ಯಾಗ ಕಲತ. ಶೇರ್ ಬಜಾರದ ಗೆಳ್ಯಾರು, ಯಾವ್ಯಾವೋ ದೇಶದವರ ವಿಡಿಯೋ. ಒಂದಿನ ಬಂದು, "ಅವ್ವಾ, ನಾ ಲಿಬರ್ಟೇರಿಯನ್" ಅಂದ. ನಾ ಏನೋ ಹೊಸಾ ನೌಕರಿ ಹತ್ತೇತಿ ಅಂದ್ಕೊಂಡೆ. ಟ್ಯಾಕ್ಸ್ ಅಂದ್ರ ಕಳವಂತ, ರೇಷನ್ ಅಂದ್ರ ಭಿಕ್ಷಾ ಅಂತ, ಗಳಿಸಿದ್ದು ಗಳಿಸಿದವಂದಂತ. "ಭೂಮಿ ಯಾರದಪಾ?" ಅಂತ ಅಪ್ಪ ಕೇಳಿದ್ರ "ಕೊಂಡಾವಂದು" ಅಂತಿದ್ದ. "ಅವನಿಗೆ ಮಾರಿದಾಂವ ಯಾರ ಕಡೆ ಕಸಗೊಂಡಿದ್ದ?" ಅಂತ ಮಾಯಾ ನಡುವ ಬಾಯಿ ಹಾಕತಿದ್ಲು. ಮಾಸ್ತರ ಗೆಳೆಯ, ಹಳೇ ಹುಬ್ಬಳ್ಳಿ ಗುಲಾಬಸಾಬ್ರೂ ಬಂದು ಕೂಡತಿದ್ರು. ರಸ್ತೆ ಅಗಲ ಮಾಡತೇವಿ ಅಂತ ಸರಕಾರದವರು ಜೆಸಿಬಿ ತಂದು ಅವರ ಲೇಥ್ ಮಷೀನಿನ ಅಂಗಡಿ ಕೆಡವಿದ್ರು. ಅಂದಿನಿಂದ ಅವರದು ಒಂದ ಮಾತು: "ಸರಕಾರ ನನಗ ಏನೂ ಕೊಡೂದು ಬ್ಯಾಡ, ನನ್ನ ಬಾಗಲಿಗೆ ಬರೂದೂ ಬ್ಯಾಡ. ನಮ್ಮ ಓಣಿ ನಾವ ನೋಡ್ಕೋತೇವಿ." ಅವರಿಗೆ ಗುರು ಜೆಸಿಬಿ. ಎಲ್ಲಾರ ಬಾಯಾಗೂ ಸ್ವಾತಂತ್ರ್ಯನ, ಒಬ್ಬರದು ಒಬ್ಬರಿಗೆ ಹೊಂದೂದಿಲ್ಲ. ನಾ ಚಾ ಕಾಸಕೋತ ನಗತಿದ್ದೆ. ಆಗ ನಗು ಬರತಿತ್ತು.

ಆಮ್ಯಾಲೆ ಮಾಯಾನ ಮಾರಿ ಬಾತಿತು. ಕಾಲು ಬಾತ್ವು. ಎರಡೂ ಕಿಡ್ನಿ ಹೋಗ್ಯಾವ ಅಂದ್ರು ಡಾಕ್ಟರು. ವಾರಕ್ಕ ಮೂರು ಸಲ ಡಯಾಲಿಸಿಸ್. ಕೈಯಾಗ ಸೂಜಿ ಚುಚ್ಚಿ ಚುಚ್ಚಿ ನರ ಗಂಟು ಕಟ್ಟಿದ್ವು. ಬರಬರತಾ ಮಷೀನೂ ಆಕಿಗೆ ಒಗ್ಗಲಿಲ್ಲ. ನಡಬರಕ ಬಿ.ಪಿ. ಇಳದು ಕಣ್ಣು ತೇಲಸತಿದ್ಲು. "ಹಿಂಗ ಭಾಳ ದಿನ ನಡ್ಯೂದಿಲ್ರಿ, ಲಗೂ ಕಿಡ್ನಿ ಹಾಕಬೇಕು" ಅಂದ್ರು. ಮಾಸ್ತರಿಗೆ ಸಕ್ಕರಿ ಬ್ಯಾನಿ, ಅವರದು ನಡ್ಯೂದಿಲ್ಲ. ನಂದು ಹೊಂದಲಿಲ್ಲ. ಸತ್ತವರ ಕಿಡ್ನಿ ಸಿಗೂ ಸರಕಾರಿ ಪಾಳಿಗೆ ಹೆಸರು ಹಚ್ಚಿದ್ರ ಯಾವಾಗ ಬರತೈತೋ ಹೇಳಾವ್ರಿಲ್ಲ. ಹೊಂದಿದ್ದು ಅಂಬರೀಷಂದು ಒಬ್ಬಂದ.

ಮಾಸ್ತರು ಮಗನ್ನ ಕುಂದರಿಸಿಕೊಂಡು ಕೇಳಿದ್ರು. ಕೇಳಿದ್ರು ಮತ್ತ, ಹೇಳಲಿಲ್ಲ. "ತಮ್ಮಾ, ನಿನ್ನ ಒಂದು ಕಿಡ್ನಿ ಅಕ್ಕಗ ಕೊಡತೀಯೇನು?"

ಆಂವ ತೆಲಿ ಎತ್ತಲಿಲ್ಲ. "ಒಲ್ಲೆ, ಅಪ್ಪಾ."

"ಆತು" ಅಂದು ಇವರು ಎದ್ದ ಬಿಟ್ರು. ಎದ್ದು ಹೋಗಿ ಹಿತ್ತಲದಾಗ ಗ್ವಾಡಿಗೆ ಮಾರಿ ಮಾಡಿ ನಿಂತ್ರು. ಹಿಂದಿಂದ ಮಗ ಒದರಿದ, "ಕಿಡ್ನಿ ಮಾರಾಕ ಸರಕಾರ ಬಿಟ್ಟಿದ್ರ ಇಷ್ಟೊತ್ತಿಗೆ ಬಜಾರದಾಗ ಸಿಕ್ಕಿರತಿತ್ರಿ! ಮಾರಾವಂಗೂ ಛಲೋ, ನಮಗೂ ಛಲೋ!"

ಜನ್ಮದಾಗ ದನಿ ಏರಿಸದ ಮನಷ್ಯಾ ಅವತ್ತು ಗುಡುಗಿದ್ರು. "ಮಾರಾವ್ರು ಯಾರಲೇ? ಸಾಹುಕಾರ್ನ ಮಗಾ ಬಂದು ಮಾರತಾನೇನು? ನಮ್ಮ ಮಂದಿನ ಸಾಲು ಹಚ್ಚಿ ನಿಂದರತಾರ!" ಅಷ್ಟು ಹೇಳಿದವರು ಕಿಡ್ನಿ ಮಾತು ಮತ್ತ ಎತ್ತಲಿಲ್ಲ. ಮಗ ಒಲ್ಲೆ ಅಂದಾನ, ಕಾಯ್ದೆ ಕಾಯ್ದೆನ.

ಕಾಯ್ದೆ ಅವರದು. ಮಗಳು ನನ್ನಾಕಿ. ನಾ ವಿದ್ಯಾನಗರದಾಗ ಅಂಬರೀಷ ಬ್ಯಾರೇ ಹಿಡದಿದ್ದ ರೂಮಿಗೆ ಹ್ವಾದೆ. ಅವನ ಬಾಗಲದಾಗ ಕುಂತೆ. ಅನ್ನ ಮುಟ್ಟಲಿಲ್ಲ. ಬಾಜೂ ಮಂದಿ ನೋಡಲಿ ಅಂತನ ಕುಂತೆ. "ಅವ್ವಾ, ನನ್ನ ದೇಹ ನಂದು" ಅಂದ. ನನಗ ಸಿಟ್ಟು ನೆತ್ತಿಗೇರಿತು.

"ನಿಂದೇನಲೇ ಭಾಡ್ಯಾ? ಅಂಗಡ್ಯಾಗ ತಂದಿಯೇನು? ಆ ಕಿಡ್ನಿ ತಯಾರಾಗಿದ್ದು ನನ್ನ ಹೊಟ್ಯಾಗ. ನಾ ತಿಂದ ರೊಟ್ಟಿಲೆ, ನನ್ನ ರಕ್ತಲೆ. ಅದಕ್ಕ ಯಾವ ಬಜಾರದಾಗ ರೇಟು ಐತಿ ಹೇಳು ನೋಡೋಣು! ನಿಮ್ಮಪ್ಪ ಕೇಳಿದ್ರು, ನಾ ಕೇಳೂದಿಲ್ಲ. ಕೊಡು ಅಂತ ಹೇಳಾಕತ್ತೇನಿ. ಇಲ್ಲಾ ಅಂದ್ರ ಇಲ್ಲೇ ನನ್ನ ಹೆಣ ಎತ್ತು."

ಅವನ ಕೈ ಹಿಡದು ನನ್ನ ತೆಲಿ ಮ್ಯಾಲೆ ಇಟಗೊಂಡು ಆಣಿ ಹಾಕಿಸಿಕೊಂಡೆ. ನನಗೇನೂ ನಾಚಿಕಿ ಇಲ್ಲ, ಇವತ್ತೂ ಇಲ್ಲ. ಮುಳಗಾಕಿ ಕೈಗೆ ಸಿಕ್ಕಿದ್ದನ್ನ ಹಿಡೀತಾಳ. ಆಂವ "ಕೊಡತೇನಿ" ಅಂದ. ಮನಿಗೆ ಬಂದು ಮಾಸ್ತರ ಮುಂದ ನಡದದ್ದೆಲ್ಲಾ ಹೇಳಿದೆ. ಅವರು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಮಾಯಾಗ ಮಾತ್ರ ತಮ್ಮ ತಾನಾಗೇ ಒಪ್ಪ್ಯಾನ ಅಂತ ಹೇಳಿದೆ. ಅವತ್ತು ಆಕಿ ಎರಡು ಚಪಾತಿ ತಿಂದ್ಲು.

ದವಾಖಾನ್ಯಾಗ ಆಪರೇಷನ್ನಿಗಿಂತ ಮೊದಲ ಒಂದು ಕಮಿಟಿ ಕೂಡತೈತಿ. ಕೊಡಾಂವ ತನ್ನ ಖುಷಿಲೆ ಕೊಡಾಕತ್ತಾನೋ, ಯಾರರ ಒತ್ತಾಯ ಮಾಡ್ಯಾರೋ ಅಂತ ಕೇಳತಾರ. ಮೊದಲ ಅಂಬರೀಷನ್ನ ಒಬ್ಬನ್ನ ಒಳಗ ಕರದ್ರು. ಆಮ್ಯಾಲೆ ನಮ್ಮಿಬ್ಬರನ್ನೂ ಕರದು ಅವನ ಬಾಜೂಕ ಕುಂದರಿಸಿದ್ರು. ವಯಸ್ಸಾದ ಡಾಕ್ಟರಮ್ಮ ಶಾಂತ ದನಿಲೆ ಕೇಳಿದ್ರು, "ನಿಮ್ಮ ಮಗ ‘ನನ್ನ ಖುಷಿಲೆ ಕೊಡತೇನಿ’ ಅಂದಾರ. ಮನ್ಯಾಗ ಯಾರರ ಜುಲುಮಿ ಮಾಡ್ಯಾರೇನ್ರಿ?"

"ಇಲ್ರಿ, ಯಾರೂ ಇಲ್ರಿ" ಅಂತ ನಾನ ಮೊದಲ ಅಂದೆ.

"ಯಜಮಾನ್ರ, ನೀವು ಹೇಳ್ರಿ."

ಮೇಜಿನ ಕೆಳಗ ಮಾಸ್ತರ ಕಾಲು ತುಳದೆ. ಒಂದು ಇಲ್ಲ ಅನ್ರಿ ಮಾಸ್ತರ, ಒಂದ ಇಲ್ಲ. ನಿಮ್ಮ ಜನ್ಮದ ಪಾಠ ಎಲ್ಲಾ ಒಂದಿನ ಮೂಲ್ಯಾಗ ಇಡ್ರಿ. ಮನಸ್ಸಿನ್ಯಾಗ ಹಂಗ ಒದರಾಕತ್ತಿದ್ದೆ.

"ಮಾಡ್ಯಾರ್ರಿ" ಅಂದ್ರು. "ಇವನ ತಾಯಿ ಮಾಡ್ಯಾಳ. ಗೊತ್ತಿದ್ದೂ ನಾ ಸುಮ್ಮಕಿದ್ದೆ, ಅಂದ ಮ್ಯಾಲೆ ನಾನೂ ಮಾಡಿದಂಗ."

"ಅಪ್ಪಾ!" ಅಂದ ಅಂಬರೀಷ.

ಇವರು ಡಾಕ್ಟರಮ್ಮನ್ನ ನೋಡಕೋತ ಹೇಳಿದ್ರು. "ನಮ್ಮಪ್ಪ ಯುಗಾದಿಗೊಮ್ಮೆ ಸಾಹುಕಾರ್ನ ಕಟ್ಟಿ ಮುಂದ ನಿಂತು, ನಾಕು ಮಂದಿ ಕೇಳೂವಂಗ ‘ನನ್ನ ಖುಷಿಲೆ ದುಡೀತೇನಿ’ ಅನಬೇಕಾಗಿತ್ರಿ. ನಾ ಬಾಜೂಕ ನಿಂತು ಕೇಳೇನಿ. ಖುಷಿಲೆ ಅನ್ನಿಸಿ ಅನ್ನಿಸಿನ ಅವನ ಜನ್ಮ ತಿಂದ್ರು. ನನ್ನ ಮಗನ ಬಾಯಿಲೆ ಅದನ್ನ ಅನ್ನಿಸಾಕ ನನ್ನ ಕೈಲೆ ಆಗೂದಿಲ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ರು. ಈಗ ಇದು ನಡ್ಯೂದಿಲ್ಲ ಅಂದ್ರು. ಹೊರಗ ಬಂದ ಕೂಡ್ಲೇ ಅಂಬರೀಷ ಗ್ವಾಡಿಗೆ ಆತಕೊಂಡು ಸಣ್ಣ ಹುಡುಗನಂಗ ಬಿಕ್ಕಿದ. "ನನಗ ಭಾಳ ಅಂಜಿಕಿ ಆಗಿತ್ರಿ ಅಪ್ಪಾ. ಆಪರೇಷನ್ ಅಂದ್ರ ಜೀವಾನ ಹೋಗತಿತ್ತು." ಇಷ್ಟ ನೋಡ್ರಿ. ಬಜಾರ, ಹಕ್ಕು, ಲಿಬರ್ಟೇರಿಯನ್ನು, ಎಲ್ಲಾ ಹೊದಕಿ. ಒಳಗ ಇದ್ದದ್ದು ಅಂಜಿಕಿ. ಯಾಕ ಒಲ್ಲೆ ಅಂತಿ ಅಂತ ಯಾರರ ಒಬ್ಬರು ಮೆತ್ತಗ ಕೇಳಿದ್ರ ಹೇಳತಿದ್ನೋ ಏನೋ. ಆಂವ ಕಣ್ಣೊರಸಕೊಂಡು ಮೆಟ್ಟಲ ಇಳದು ಹ್ವಾದ. ಮೊಬೈಲ್ ಬಂದ್ ಮಾಡಿದ, ಇವತ್ತಿಗೂ ಹಚ್ಚಿಲ್ಲ.

ನಾ ಮಂದಿ ಮುಂದನ ಮಾಸ್ತರ ಅಂಗಿ ಹಿಡದು ಜಗ್ಗಿದೆ. "ಮಗಳನ್ನ ಕೊಂದ್ರಲ್ಲಾ! ನಿಮ್ಮ ಸ್ವಾತಂತ್ರ್ಯದ ಬಾಯಾಗ ಮಣ್ಣು ಬೀಳಲಿ!" ಅಂಗಿ ಗುಂಡಿ ಹರದು ಬಿತ್ತು. ಅವರು ಬಿಡಿಸಿಕೊಳ್ಳಲಿಲ್ಲ. "ಮಾಯಾಗ ನಾನ ಹೇಳತೇನಿ. ಆಕಿಗೆ ತಿಳೀತೈತಿ" ಅಂದ್ರು.

ಆಕಿ ಡಯಾಲಿಸಿಸ್ ವಾರ್ಡಿನ್ಯಾಗ ಮಲಗಿದ್ಲು. ಪೈಪಿನ್ಯಾಗ ಆಕಿ ರಕ್ತ ಮಷೀನಿಗೆ ಹೋಗಿ ಬರಾಕತ್ತಿತ್ತು. ಇವರು ಒಂದೂ ಬಿಡದ ಎಲ್ಲಾ ಹೇಳಿದ್ರು. ಆಣಿ ಹಾಕಿಸಿದ್ದು, ಖುಷಿಲೆ ಅಂತ ಅವನ ಬಾಯಿಲೆ ಅನ್ನಿಸಿದ್ದು, ತಾವು ಖರೇ ಹೇಳಿದ್ದು. ಮಾಯಾ ಕಣ್ಣು ಮುಚ್ಚಿಕೊಂಡು ಕೇಳಿದ್ಲು. ಅಪ್ಪನ ಪಟ್ಟಶಿಷ್ಯೆ, ಈಗ ಛಲೋ ಮಾಡಿದ್ರಿ ಅಂತಾಳ ಅಂತ ನನಗೂ ಅನಸಿತ್ತು. ಅಂದಿದ್ರ ನಾ ಆಕಿಗೂ ಒಂದು ಬಡೀತಿದ್ದೆನೋ ಏನೋ.

"ಅಪ್ಪಾ" ಅಂದ್ಲು ಕಡೀಕ. "ನನಗ ಬದುಕಬೇಕಾಗಿತ್ರಿ."

"ನಾ ಅವನ್ನ ಮತ್ತೊಮ್ಮೆ ಕೇಳತೇನಿ ಮಗಳ. ಕಾಲು ಬಿದ್ದು ಕೇಳತೇನಿ."

"ಕಾಲು ಬಿದ್ದ ಮ್ಯಾಲೆ ಅದು ಅವನ ಖುಷಿ ಹೆಂಗ ಆಗತೈತ್ರಿ?"

ಮಾಸ್ತರು ಆಕಿ ಕೈ ಹಿಡ್ಯಾಕ ಹ್ವಾದ್ರು. ಸೂಜಿ ಇದ್ದ ಕೈ ಎಳಕೊಳ್ಳಾಕ ಬರೂದಿಲ್ಲ ಅಂತ ಆಕಿ ಹಂಗ ಬಿಟ್ಲು, ಮಾರಿ ಮಾತ್ರ ಆ ಕಡೆ ಹೊಳ್ಳಿಸಿದ್ಲು.

"ಒಂದು ಸುಳ್ಳು ಹೇಳಬೇಕಾಗಿತ್ತಲ್ರಿ, ಅಪ್ಪಾ" ಅಂದ್ಲು. "ನನ್ನ ಸಲುವಾಗಿ ಒಂದ."